ಮೂರು ಚಳಿ ಕಂಡ ಕುಡಿ

ಸೊಸೆಯ ಎರಡನೇ ಗಂಡನನ್ನು ಏನೆಂದು ಕರೆಯಬೇಕು? ಹನ್ನೊಂದು ವರ್ಷ ಕಳೆದರೂ ಆರ್ಡಿಸ್ ಕ್ರೌಲಿಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅಳಿಯನಲ್ಲ, ಮಗನಲ್ಲ, ನೆಂಟನಂತೂ ಅಲ್ಲವೇ ಅಲ್ಲ. ನೆಂಟನಾಗಿದ್ದರೆ ನಾಲ್ಕು ದಿನ ಉಂಡು ಐದನೇ ದಿನ ಹೊರಡುತ್ತಿದ್ದ. ಹಾಗಾಗಿ ಅವಳು ಅವನ ಮನೆತನದ ಹೆಸರು ಹಿಡಿದು ‘ಬೀಲ್’ ಎಂದು ಕೂಗುತ್ತಿದ್ದಳು. ಗೇಲೆನ್ ಬೀಲನೂ ಅಷ್ಟೆ. ಅಷ್ಟು ವರ್ಷ ಅದೇ ಸೂರಿನಡಿ ಉಂಡು ಮಲಗಿ ಎದ್ದರೂ ಮುದುಕಿಯನ್ನು ‘ಮಿಸೆಸ್ ಕ್ರೌಲಿ’ ಎಂದೇ ಕರೆಯುತ್ತಿದ್ದ.

ಕೊಲ್ಲಿಗೆ ಮುಖ ಮಾಡಿದ ಆ ಹಲಗೆಮನೆ ಆರ್ಡಿಸಳದು. ಅವಳ ಒಬ್ಬನೇ ಮಗ ಡ್ಯಾರೆನ್ ಸೈನ್ಯ ಸೇರಿ ಇರಾಕಿಗೆ ಹೋದವನು ಇಪ್ಪತ್ತು ವರ್ಷದ ಹಿಂದೆ ಧ್ವಜ ಹೊದ್ದ ಪೆಟ್ಟಿಗೆಯಲ್ಲಿ ಅಮೆರಿಕದ ಮೇನ್ ರಾಜ್ಯಕ್ಕೆ ಮರಳಿದ. ಆಗ ಅವನ ಹೆಂಡತಿ ರೋಂಡಾಳ ಕಂಕುಳಲ್ಲಿ ಆರು ತಿಂಗಳ ಕೂಸು ಕೋರಾ. ಅತ್ತೆ ಸೊಸೆ ಇಬ್ಬರೂ ಸೇರಿ ಆ ಮಗುವನ್ನು ಬೆಳೆಸಿದರು. ಒಂಬತ್ತು ವರ್ಷ ಕಳೆದ ಮೇಲೆ ರೋಂಡಾ ಒಂದು ದಿನ ಪಾತ್ರೆ ಒರೆಸುತ್ತಾ, ಗೇಲೆನ್ ಬೀಲನನ್ನು ಮದುವೆಯಾಗುತ್ತೇನೆ ಎಂದಳು.

“ಆಗು, ಬೇಡ ಅನ್ನಲ್ಲ. ಆದ್ರೆ ಮಗು ಈ ಮನೆ ಬಿಟ್ಟು ಹೋಗಲ್ಲ,” ಎಂದಿದ್ದಳು ಆರ್ಡಿಸ್.

ಹೀಗೆ ಕಡಲಲ್ಲಿ ತಂತಿಬೋನು ಇಳಿಬಿಟ್ಟು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಗೇಲೆನ್ ಎರಡು ಚೀಲ, ಒಂದು ಕುರ್ಚಿ ಹೊತ್ತುಕೊಂಡು ಹೆಂಡತಿಯ ಮೊದಲ ಗಂಡನ ಮನೆಗೆ ಬಂದ. ಊರಿನವರು ನಕ್ಕರು. ಅವನೂ ಅವರ ಜೊತೆ ನಕ್ಕುಬಿಟ್ಟ.

ಆ ಕರಾವಳಿಯಲ್ಲಿ ಚಳಿಗಾಲ ಬಂತೆಂದರೆ ಎರಡು ಮನೆಗೊಂದು ಮನೆಯಲ್ಲಿ ಹಾರದ ಕೆಲಸ. ತಂತಿಯ ಬಳೆಗೆ ಸೂಜಿಯೆಲೆಯ ಫರ್ ಮರದ ಕುಡಿಗಳನ್ನು ಹಿಡಿಹಿಡಿಯಾಗಿ ಇಟ್ಟು ಸುತ್ತಿ, ಕೆಂಪು ರಿಬ್ಬನ್ ಕಟ್ಟಿದರೆ ದುಂಡನೆಯ ಹಸಿರು ಹಾರ. ಡಿಸೆಂಬರಿನ ಮೂರನೇ ಶನಿವಾರ ಇಂಥ ಲಕ್ಷಾಂತರ ಹಾರಗಳನ್ನು ದೇಶದ ಉದ್ದಗಲಕ್ಕೂ ಸೈನಿಕರ ಸಮಾಧಿಗಳ ಮೇಲೆ ಇಡುತ್ತಾರೆ. ಸಂಬಳವಿಲ್ಲ, ಬಲವಂತವಿಲ್ಲ, ಮನಸ್ಸಿದ್ದವರು ಬಂದು ಇಡುತ್ತಾರೆ. ಒಂದೇ ಒಂದು ಕಟ್ಟಳೆ: ಹಾರ ಇಟ್ಟವರು ಒಂದು ಹೆಜ್ಜೆ ಹಿಂದೆ ಸರಿದು, ಕಲ್ಲಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಕೂಗಬೇಕು.

ಐವತ್ತೆಂಟು ವರ್ಷದಿಂದ ಹಾರ ಸುತ್ತುತ್ತ ಬಂದವಳು ಆರ್ಡಿಸ್. ಊರಿನ ಅರ್ಧ ಹೆಂಗಸರಿಗೆ ತಂತಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. “ಮೂರು ಗಟ್ಟಿ ಚಳಿ ಬೀಳೋವರೆಗೂ ಮರ ಮುಟ್ಟಬೇಡ್ರೇ,” ಎಂದು ಪ್ರತಿ ವರ್ಷ ಎಲ್ಲರಿಗೂ ಹೇಳುತ್ತಿದ್ದಳು. ನೀರು ಹೆಪ್ಪುಗಟ್ಟುವಂಥ ಮೂರು ರಾತ್ರಿ ಕಂಡ ಮೇಲೆಯೇ ಫರ್ ಎಲೆ ಕಡ್ಡಿಯನ್ನು ಕಚ್ಚಿ ಹಿಡಿಯುವುದು. ಅದಕ್ಕೆ ಮುಂಚೆ ಮುರಿದರೆ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ.

ಮಾರುವ ಹಾರ ಎಷ್ಟೇ ಇರಲಿ, ಪ್ರತಿ ವರ್ಷ ಮೊದಲ ಹಾರ ಡ್ಯಾರೆನ್‌ನದು. ಅದಕ್ಕೆ ಕುಡಿ ಮುರಿಯುವವಳು ಆರ್ಡಿಸ್, ಸುತ್ತುವವಳು ಆರ್ಡಿಸ್. ಇಡುವವಳು, ಹೆಸರು ಕೂಗುವವಳು ಕೋರಾ. ಏಕೆಂದರೆ ಆ ಕಲ್ಲಿನ ಮುಂದೆ ನಿಂತರೆ ಆರ್ಡಿಸಳ ಗಂಟಲು ಕಟ್ಟಿಹೋಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅಲ್ಲಿ ಅವಳ ಬಾಯಿಂದ ಮಗನ ಹೆಸರು ಹೊರಬಂದಿರಲಿಲ್ಲ. ಗೇಲೆನ್‌ನ ಕೆಲಸ ಊರಿನ ಹಾರದ ಪೆಟ್ಟಿಗೆಗಳನ್ನು ತನ್ನ ಲಾರಿಯಲ್ಲಿ ತಂದು ಸ್ಮಶಾನದ ಗೇಟಿನ ಬಳಿ ಇಳಿಸುವುದು. ಮೊದಲ ವರ್ಷ ಅವನು ಒಳಗೆ ಹೆಜ್ಜೆ ಇಟ್ಟಾಗ ಆರ್ಡಿಸ್, “ಲಾರಿ ಹತ್ರ ಯಾರಾದ್ರೂ ಇರ್ಬೇಕಲ್ಲ?” ಎಂದಿದ್ದಳು. ಅವತ್ತಿನಿಂದ ಅವನು ಲಾರಿ ಹತ್ತಿರವೇ ನಿಲ್ಲುತ್ತಿದ್ದ.

ಈ ವರ್ಷ ಆರ್ಡಿಸಳ ಬಲಗೈ ಕೈಕೊಟ್ಟಿತು. ಬೆರಳು ಜೋಮು ಹಿಡಿದು ಚಮಚವೂ ಜಾರತೊಡಗಿತು. ನವೆಂಬರ್ ಮೊದಲ ವಾರ ಮಣಿಕಟ್ಟಿನ ಆಪರೇಷನ್ ಎಂದು ಡಾಕ್ಟರು ದಿನ ಗೊತ್ತು ಮಾಡಿದರು. ಆಮೇಲೆ ಆರೇಳು ವಾರ ತಂತಿಯನ್ನು ಕಣ್ಣೆತ್ತಿಯೂ ನೋಡಕೂಡದಂತೆ.

ಅಕ್ಟೋಬರ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಗೇಲೆನ್ ಬಂದರಿನಿಂದ ಬರುವಾಗ, ಮನೆಯ ಹಿಂದಿನ ದೊಡ್ಡ ಫರ್ ಮರದಡಿ ಮುದುಕಿ ಕಂಡಳು. ಡ್ಯಾರೆನ್ ಹುಡುಗನಾಗಿದ್ದಾಗ ಹತ್ತುತ್ತಿದ್ದ ಮರ ಅದು.

“ಮಿಸೆಸ್ ಕ್ರೌಲಿ, ಏನ್ ಮಾಡ್ತಿದೀರ?”

“ಕಣ್ಣು ಕಾಣಲ್ವಾ? ಮೀನು ಹಿಡೀತಿದೀನಿ.”

“ಒಂದೇ ಚಳಿ ಬಿದ್ದಿರೋದು ಇನ್ನೂ.”

“ಒಂದು, ಎರಡು, ಮೂರು ಅಂತ ಎಣಿಸೋಕೆ ನಂಗೂ ಬರುತ್ತೆ.”

“ಎಲೆ ನಿಲ್ಲಲ್ಲ. ಎರಡು ವಾರ ಬಿಟ್ಟು ನಾನೇ ಕುಡಿ ತಂದ್ಕೊಡ್ತೀನಿ.”

“ಎರಡು ವಾರ ಬಿಟ್ಟು ನನ್ನ ಕೈ ಡಾಕ್ಟರ ಹತ್ರ ಇರುತ್ತೆ.”

“ಹಾಗಾದ್ರೆ ನಾನು ಸುತ್ತ…” ಗೇಲೆನ್ ಅಲ್ಲಿಗೇ ನಿಲ್ಲಿಸಿದ.

“ಏನಂದೆ?”

“ಏನಿಲ್ಲ.”

“ಏನಿಲ್ಲ ಅಂದ್ರೆ ನಿನ್ನ ಬೋನು ನೋಡ್ಕೋ ಹೋಗು, ಬೀಲ್. ನೀನು ತೊಟ್ಟಿಲಲ್ಲಿದ್ದಾಗಿಂದ ಸುತ್ತುತಿದೀನಿ ನಾನು.”

ಎರಡು ದಿನ ತೆಗೆದುಕೊಂಡು, ಜೋಮು ಹಿಡಿದ ಬೆರಳಿಗೆ ಬಿಸಿನೀರು ತೋರಿಸಿ ತೋರಿಸಿ, ಅವಳು ಹಾರ ಮುಗಿಸಿದಳು. ಗಟ್ಟಿ ಹಾರ, ಇಬ್ಬದಿಯೂ ತುಂಬಿಕೊಂಡಿತ್ತು. ಕೆಲಸದ ಕೊಟ್ಟಿಗೆಯ ಹಿಂಗೋಡೆಯ ಮೊಳೆಗೆ ಅದನ್ನು ತೂಗುಹಾಕಿ, ಮೇಲೊಂದು ಹಳೇ ದಿಂಬಿನ ಚೀಲ ಹೊದಿಸಿದಳು. ಸೊಸೆ, “ಅತ್ತೆ, ಇಷ್ಟು ಬೇಗ?” ಎಂದದ್ದಕ್ಕೆ, “ಬೇಗ ಮಾಡೋರಿಗೆ ಬೇಗ ಆಗುತ್ತೆ,” ಎಂದಳು.

ನವೆಂಬರ್ ಕೊನೆಗೆ ಕೋರಾ ನರ್ಸಿಂಗ್ ಕಾಲೇಜಿನಿಂದ ರಜಕ್ಕೆ ಬಂದಳು. ಆರ್ಡಿಸಳ ಬಲಗೈ ಆಗಲೇ ಪಟ್ಟಿಯೊಳಗೆ ಸೇರಿತ್ತು. ಗೇಲೆನ್, ರೋಂಡಾ ದಿನವೂ ಕೊಟ್ಟಿಗೆಯಲ್ಲಿ ಕೂತು ಹಾರ ಸುತ್ತುತ್ತಿದ್ದರು. ಮನೆಯಿಡೀ ಫರ್ ವಾಸನೆ, ಎಲ್ಲರ ಬೆರಳಿಗೂ ಅಂಟು. ಆ ದಿನ ಶನಿವಾರ. ಶನಿವಾರವೆಂದರೆ ಆ ಮನೆಯಲ್ಲಿ ಹಂದಿ ಕೊಬ್ಬು, ಕಾಕಂಬಿ ಹಾಕಿ ಬೆಳಗಿನಿಂದ ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಬೀನ್ಸ್ ಕಾಳು, ಜೊತೆಗೆ ಕಪ್ಪು ಬ್ರೆಡ್ಡು. ಆರ್ಡಿಸ್ ಎಡಗೈಯಲ್ಲಿ ಕಾಳು ಅಟ್ಟಿಸಿಕೊಂಡು ತಿನ್ನುತ್ತಿರುವಾಗ ಕೋರಾ ಅಜ್ಜಿಯತ್ತ ತಿರುಗಿ ಬಾಯಿ ತೆಗೆದಳು.

“ಗ್ರ್ಯಾಮಿ, ಈ ಸಲ ಗೇಲೆನ್ ನಮ್ಮ ಜೊತೆ ಒಳಗೆ ಬರ್ಲಿ.”

“ಎಲ್ಲಿಗೆ?”

“ಅಪ್ಪನ ಹತ್ರ.”

“ಲಾರಿ ಹತ್ರ ಯಾರಿರ್ತಾರೆ?”

“ಲಾರಿ ಏನು ಎದ್ದು ಓಡಿ ಹೋಗುತ್ತಾ?”

“ಕೋರಾ, ಅದು ಮನೆಯವರ ಕೆಲಸ.”

“ಮತ್ತೆ ಇವರ್ಯಾರು?” ಕೋರಾ ಚಮಚವನ್ನೇ ಗೇಲೆನ್ ಕಡೆ ತಿರುಗಿಸಿದಳು. “ನಂಗೆ ಸೈಕಲ್ ಕಲಿಸಿದ್ದು ಯಾರು? ನ್ಯುಮೋನಿಯಾ ಬಂದಾಗ ಹಿಮದಲ್ಲಿ ನಲವತ್ತು ಮೈಲಿ ಗಾಡಿ ಓಡಿಸಿದ್ದು ಯಾರು?”

“ಅದಕ್ಕೆ ಥ್ಯಾಂಕ್ಸ್ ಹೇಳಿದೀನಿ ನಾನು.”

“ಯಾವಾಗ?” ಎಂದಳು ರೋಂಡಾ.

ಆರ್ಡಿಸ್ ಚಮಚದಿಂದ ತಟ್ಟೆಯ ಕಾಳು ಕೆದಕಿದಳು. “ಮನಸ್ಸಲ್ಲಿ.”

“ಸರಿಹೋಯ್ತು!” ರೋಂಡಾ ಬ್ರೆಡ್ಡಿನ ತಟ್ಟೆಯನ್ನು ಠಣ್ಣನೆ ಕೆಳಗಿಟ್ಟಳು. “ಹನ್ನೊಂದು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದೀನಿ ಅತ್ತೆ. ಡ್ಯಾರೆನ್ ನಂಗೂ ಗಂಡನೇ. ಅವನನ್ನ ಮರೆತು ಇವರನ್ನ ಕಟ್ಕೊಂಡೆ ಅಂದ್ಕೊಂಡಿದೀರಾ?”

“ನಾನು ಹಾಗಂದ್ನಾ? ಇದ್ದದ್ದು ಹೇಳ್ತೀನಿ ಕೇಳು. ಇಬ್ರಿಗೂ ಒಂದೇ ವಯಸ್ಸು. ನನ್ನ ಮಗ ಅಲ್ಲಿ ಮರಳಲ್ಲಿ ಬಿದ್ದಿದ್ದಾಗ ಇವನು ಇಲ್ಲಿ ಲಾಬ್‌ಸ್ಟರ್ ಹಿಡೀತಿದ್ದ!”

ಹೇಳಿದ ಮೇಲೆ ಆರ್ಡಿಸಳಿಗೂ ಇದು ಹೆಚ್ಚಾಯಿತೆನಿಸಿತು. ಆದರೆ ಆಡಿದ ಮಾತನ್ನು ನುಂಗಿ ಅವಳಿಗೆ ಅಭ್ಯಾಸವಿರಲಿಲ್ಲ.

“ನಿಜ, ಹಿಡೀತಿದ್ದೆ,” ಎಂದ ಗೇಲೆನ್. “ಕಾಳು ಆರ್ತಿದೆ, ಎಲ್ರೂ ತಿನ್ನಿ.” ತಟ್ಟೆ ಎತ್ತಿಕೊಂಡು ಹೋಗಿ ನಲ್ಲಿ ಬಿಟ್ಟ.

ಕೋರಾ ಎದ್ದು ನಿಂತಳು. ಅಪ್ಪನದೇ ಗಲ್ಲ, ಅಪ್ಪನದೇ ಹಟ. “ಗೇಲೆನ್ ಬರಲ್ಲ ಅಂದ್ರೆ ಈ ಸಲ ಹೆಸರು ನಾನೂ ಕೂಗಲ್ಲ. ನೀನೇ ಕೂಗ್ಕೋ ಗ್ರ್ಯಾಮಿ.”

“ಕೂಗ್ತೀನಿ ಹೋಗೇ!” ಎಂದಳು ಆರ್ಡಿಸ್.

ಡಿಸೆಂಬರ್ ಎರಡನೇ ವಾರ ಊರಿಂದ ದೊಡ್ಡ ಲಾರಿಗಳು ಸಾಲಾಗಿ ದಕ್ಷಿಣಕ್ಕೆ ಹೊರಟವು. ರಾಜಧಾನಿಯ ಬಳಿಯ ದೊಡ್ಡ ಸೈನಿಕ ಸ್ಮಶಾನಕ್ಕೆ ಹೋಗುವ ಹಾರಗಳು. ಶಾಲೆಗೆ ರಜ ಕೊಟ್ಟು ಮಕ್ಕಳನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿದ್ದರು. ಆರ್ಡಿಸ್ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಧ್ವಜ ಹಿಡಿದು, ಕೊನೆಯ ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಳು. ನೋಡಿ ಬೇಕಾದರೆ, ಹಿಡಿಯಷ್ಟು ಊರು! ಅದರ ಕೊಟ್ಟಿಗೆಗಳಲ್ಲಿ ಸುತ್ತಿದ ಹಾರ ಯಾವ್ಯಾವ ತಾಯಿಯ ಮಗನ ತಲೆದೆಸೆಗೋ ಹೋಗುತ್ತಿತ್ತು. ಇದನ್ನು ನೆನೆದಾಗಲೆಲ್ಲ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮನೆಗೆ ಬಂದು ಕೊಟ್ಟಿಗೆಗೆ ಹೋದರೆ, ಹಿಂಗೋಡೆಯ ಕೆಳಗೆ ನೆಲದ ಮೇಲೆ ಹಸಿರು ಪುಡಿ. ಎಡಗೈಯಲ್ಲೇ ಗುಡಿಸಿ ಒಲೆಗೆ ಹಾಕಿದಳು. ಮಾರನೇ ದಿನ ಮತ್ತೆ ಅಷ್ಟೇ ಇತ್ತು.

“ಏನತ್ತೆ ಅದು?” ಎಂದಳು ರೋಂಡಾ.

“ಬೆಕ್ಕು. ಎಲ್ಲಾ ಪರಚಿ ಹಾಕ್ತಿದೆ ಹಾಳಾದ್ದು.”

ಗೇಲೆನ್ ತಲೆ ಎತ್ತಲಿಲ್ಲ. ತಂತಿ ಸುತ್ತುತ್ತಲೇ ಇದ್ದ. ಬೆಕ್ಕು ಅವನ ಕಾಲ ಮೇಲೆ ಮಲಗಿತ್ತು.

ಮೂರನೇ ಶನಿವಾರ ಬಂತು. ಹೊರಗೆ ಮೊಣಕಾಲುದ್ದ ಹಿಮ, ನೀಲಿ ಆಕಾಶ. ಕಾಳಿನ ಗಡಿಗೆ ಆಗಲೇ ಒಲೆಯೊಳಗಿತ್ತು. ಹನ್ನೆರಡಕ್ಕೆ ಸರಿಯಾಗಿ ದೇಶದಲ್ಲೆಲ್ಲ ಒಂದೇ ಗಳಿಗೆಗೆ ಶುರುವಾಗುವ ಕಾರ್ಯ, ಹತ್ತೂಮುಕ್ಕಾಲಿಗೆ ಹೊರಡಬೇಕು. ಆರ್ಡಿಸ್ ಒಂಬತ್ತಕ್ಕೇ ಒಳ್ಳೆಯ ಕೋಟು ತೊಟ್ಟು ಕೊಟ್ಟಿಗೆಗೆ ಹೋಗಿ, ದಿಂಬಿನ ಚೀಲ ಸರಿಸಿ, ಮೊಳೆಯಿಂದ ಹಾರ ಇಳಿಸಿದಳು.

ಇಳಿಸಿದ ರಭಸಕ್ಕೆ ಉಳಿದದ್ದೂ ಸರ್ರನೆ ಉದುರಿತು. ಕೈಯಲ್ಲಿ ಉಳಿದದ್ದು ತಂತಿಯ ಬಳೆ, ಒಣಕಡ್ಡಿ, ಒಂದು ಕೆಂಪು ರಿಬ್ಬನ್. ಗುಡಿಸುವ ಬರಲಾದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ಆರ್ಡಿಸ್ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಊರಿಗೆಲ್ಲ ಪಾಠ ಹೇಳಿದವಳು ತಾನು, ನಿನ್ನೆ ಮೊನ್ನೆ ತಂತಿ ಹಿಡಿದವರೂ ಮಾಡದ ತಪ್ಪು ಮಾಡಿದ್ದಳು. ಅದೂ ಬೇರೆ ಯಾರದೋ ಹಾರಕ್ಕಲ್ಲ. ಮಾರುವ ಹಾರ ಎಲ್ಲವೂ ಹೋಗಿಯಾಗಿತ್ತು. ಊರಿನ ಪೆಟ್ಟಿಗೆಯಲ್ಲಿ ಸಮಾಧಿಗೊಂದರಂತೆ ಎಣಿಸಿ ಇಟ್ಟ ಹಾರ. ಒಂದು ತೆಗೆದರೆ ಇನ್ನೊಬ್ಬ ತಾಯಿಯ ಮಗನಿಗೆ ಇಲ್ಲ. ಅವಳಿಗೆ ಅಳು ಬಂತು. ಅತ್ತಳು ಕೂಡ.

ಪೆಟ್ಟಿಗೆ ಹೊರಲು ಬಂದ ಗೇಲೆನ್ ಬಾಗಿಲಲ್ಲೇ ನಿಂತ.

“ನೋಡು. ನೋಡಿ ನಗು,” ಎಂದಳು ಆರ್ಡಿಸ್, ಮೂಗು ಒರೆಸಿಕೊಳ್ಳುತ್ತಾ. “ನೀನು ಹೇಳಿದ್ದೆ.”

ಅವನು ನಗಲಿಲ್ಲ. ಹೊರಗೆ ಹೋಗಿ ಕೊಟ್ಟಿಗೆಯ ಹಿಂದಿನಿಂದ ಒಂದು ಗೋಣಿಚೀಲ ತಂದು ಅವಳ ಕಾಲ ಬಳಿ ಬಿಚ್ಚಿದ. ಒಳಗೆ ಕಡುಹಸಿರು ಕುಡಿ, ಆಗತಾನೆ ಮುರಿದಂತೆ ಘಮ್ಮೆನ್ನುತ್ತಿತ್ತು.

“ಅದೇ ಮರದ್ದು,” ಎಂದ. “ಮೂರಲ್ಲ, ಐದು ಚಳಿ ಬಿದ್ದ ಮೇಲೆ ಮುರಿದಿಟ್ಟೆ.”

“ಇಟ್ಕೊಂಡು ಯಾಕೆ ಸುತ್ತಲಿಲ್ಲ?”

“ಡ್ಯಾರೆನ್ ಹಾರ. ನಿಮ್ಮನ್ನ ಕೇಳದೆ ಹೆಂಗ್ ಸುತ್ಲಿ, ಮಿಸೆಸ್ ಕ್ರೌಲಿ?”

ಆರ್ಡಿಸ್ ಅವನನ್ನೇ ನೋಡಿದಳು. ಒಂದೂವರೆ ತಿಂಗಳು ಈ ಮನುಷ್ಯ ಗೋಣಿಚೀಲ ಮುಚ್ಚಿಟ್ಟುಕೊಂಡು, ಬೆಕ್ಕಿನ ಕಥೆ ಕೇಳಿಸಿಕೊಂಡು ಕೂತಿದ್ದ.

“ಕೇಳ್ತಿದೀನಿ ಈಗ,” ಎಂದಳು. “ಸುತ್ತಿಕೊಡು.”

“ಒಬ್ನೇ ಸುತ್ತಲ್ಲ. ನೀವು ಹಿಡಿ ಮಾಡಿ ಕೊಡಿ, ನಾನು ತಂತಿ ಎಳೀತೀನಿ.”

ಇಬ್ಬರೂ ಎದುರುಬದುರು ಕೂತರು. ಅವಳು ಎಡಗೈಯಲ್ಲಿ ಕುಡಿ ಆರಿಸಿ ಹಿಡಿ ಮಾಡಿ ಬಳೆಯ ಮೇಲೆ ಒತ್ತಿ ಹಿಡಿಯುವುದು, ಅವನು ತಂತಿ ಎಳೆದು ಎರಡು ಸುತ್ತು ಹಾಕುವುದು.

“ಬಿಗಿ ಸಾಲದು.”

“ಸರಿ.”

“ಅಯ್ಯೋ, ಕುತ್ತಿಗೆ ಹಿಚುಕಬೇಡ ಅದರದ್ದು!”

“ಸರಿ.”

“ಸರಿ ಸರಿ ಅನ್ನೋದೊಂದು ಕಲಿತಿದೀಯ.”

“ಹನ್ನೊಂದು ವರ್ಷದಿಂದ ಅದೊಂದೇ ತಾನೆ ಕೆಲಸಕ್ಕೆ ಬಂದಿರೋದು,” ಎಂದ ಗೇಲೆನ್. ಆರ್ಡಿಸಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಕಾಣಿಸದಂತೆ ರಿಬ್ಬನ್ ಹುಡುಕುವ ನೆಪದಲ್ಲಿ ಆಚೆ ತಿರುಗಿದಳು.

ಸ್ಮಶಾನದ ಗೇಟಿನ ಬಳಿ ಆಗಲೇ ಇನ್ನೂರು ಜನ. ದೂರದ ಊರುಗಳಿಂದಲೂ ಬಂದಿದ್ದರು. ಗೇಲೆನ್ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಕೈ ಕೊಡವಿ, ಎಂದಿನಂತೆ ಲಾರಿಗೆ ಒರಗಿ ನಿಂತ. ಬಾ ಎನ್ನಬೇಕೆಂದು ಆರ್ಡಿಸಳ ನಾಲಿಗೆಯ ತುದಿಗೆ ಬಂತು. ಅಷ್ಟು ಜನರ ಮುಂದೆ ಅದು ಅಲ್ಲೇ ನಿಂತಿತು. ಕೋರಾ ಹಾರ ಹಿಡಿದು ಮುಖ ಊದಿಸಿಕೊಂಡು ಮುಂದೆ ನಡೆದಳು. ರೋಂಡಾ ಅತ್ತೆಯ ತೋಳು ಹಿಡಿದು ಹಿಂದೆ ನಡೆದಳು.

ಸುತ್ತಲೂ ಹೆಸರು ಕೂಗುವುದು ಶುರುವಾಗಿತ್ತು. ಒಂದು ಸಾಲಿನಲ್ಲಿ ಹೆಂಗಸಿನ ದನಿ, ಇನ್ನೊಂದರಲ್ಲಿ ಮಗುವಿನ ದನಿ. ತಣ್ಣನೆ ಗಾಳಿಯಲ್ಲಿ ಒಂದೊಂದು ಹೆಸರೂ ಸ್ಪಷ್ಟವಾಗಿ ಕೇಳುತ್ತಿತ್ತು.

ಕೋರಾ ಡ್ಯಾರೆನ್‌ನ ಕಲ್ಲಿನ ಮುಂದಿನ ಹಿಮ ಸರಿಸಿದಳು. ಅಲ್ಲೊಂದು ಪುಟ್ಟ ತಂತಿಯ ಆಸರೆ, ಹಾರ ಒರಗಿಸಿ ನಿಲ್ಲಿಸಲು. ಪ್ರತಿ ವರ್ಷವೂ ಇರುತ್ತಿತ್ತು. ಊರಿನವರು ಎಲ್ಲ ಸಮಾಧಿಗೂ ಹಾಕಿಸಿದ್ದಾರೆಂದು ಆರ್ಡಿಸ್ ಅಂದುಕೊಂಡಿದ್ದಳು. ಕಣ್ಣೀರು ತುಂಬಿದ ಕಣ್ಣಿಗೆ ಅಷ್ಟೇ ಕಂಡದ್ದು. ಇವತ್ತು ಬೆಳಿಗ್ಗೆಯೇ ಅತ್ತು ಮುಗಿಸಿದ್ದರಿಂದಲೋ ಏನೋ, ಅವಳು ಅತ್ತಿತ್ತ ನೋಡಿದಳು. ಪಕ್ಕದ ಕಲ್ಲಿಗೆ ಇಲ್ಲ. ಆಚೆಯದಕ್ಕೂ ಇಲ್ಲ. ಸಾಲಿಗೆ ಸಾಲೇ ಹಾರಗಳು ಬರೀ ಕಲ್ಲಿಗೆ ಒರಗಿದ್ದವು.

ಬಗ್ಗಿ ಮುಟ್ಟಿದಳು. ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿ. ಅವರ ಹಿತ್ತಲಲ್ಲಿ ರಾಶಿ ಬಿದ್ದಿರುವ ಲಾಬ್‌ಸ್ಟರ್ ಬೋನಿನ ತಂತಿ.

“ಇದನ್ನ ಯಾವಾಗ ಇಟ್ಟ ಅವನು?”

“ಮದುವೆ ಆದ ವರ್ಷ,” ಎಂದಳು ರೋಂಡಾ. “ಗಾಳಿಗೆ ಹಾರ ಬೋರಲು ಬೀಳುತ್ತೆ ಅಂತ. ಬಿರುಗಾಳಿ ಎದ್ದಾಗೆಲ್ಲ ಬಂದು ನೋಡ್ಕೊಂಡು ಹೋಗ್ತಾರೆ.”

“ಒಳಗೆ ಬರ್ತಾನಾ?”

“ಬೇರೆ ದಿನ ಬರ್ತಾರೆ ಅತ್ತೆ. ಈ ಶನಿವಾರ ಮಾತ್ರ ಲಾರಿ ಹತ್ರ ಇರು ಅಂತ ನೀವೇ ಅಲ್ವಾ ಅಂದಿದ್ದು.”

ಆರ್ಡಿಸ್ ನೆಟ್ಟಗೆ ನಿಂತಳು. ಗೇಟಿನ ಕಡೆ ತಿರುಗಿದಳು. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ಕಟ್ಟಿಹೋಗಿದ್ದ ಗಂಟಲು ಅವತ್ತು ಬಿಚ್ಚಿಕೊಂಡಿತು.

“ಗೇಲೆನ್!”

ನಾಲ್ಕು ಸಾಲು ಆಚೆಯವರೂ ತಿರುಗಿ ನೋಡಿದರು. ಅಂಥ ಹೆಸರಿನ ಸಮಾಧಿ ಯಾವುದೆಂದು ಒಬ್ಬಿಬ್ಬರು ಹುಡುಕಿದರು ಕೂಡ. ಲಾರಿಯ ಬಳಿ ನಿಂತವನು ತನ್ನನ್ನಲ್ಲವೆಂಬಂತೆ ಹಿಂದೆ ನೋಡಿದ.

“ಗೇಲೆನ್ ಬೀಲ್! ಲಾರಿ ಎಲ್ಲೂ ಓಡಿ ಹೋಗಲ್ಲ. ಬಾ ಇಲ್ಲಿ!”

ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹಿಮದಲ್ಲಿ ದೊಡ್ಡ ಹೆಜ್ಜೆ ಹಾಕುತ್ತಾ ಅವನು ಬಂದ. ಕೋರಾ ಹಾರವನ್ನು ಅಜ್ಜಿಗೆ ಕೊಟ್ಟಳು. ಆರ್ಡಿಸ್ ಅದನ್ನು ಎಡಗೈಯಲ್ಲಿ ಅವನ ಎದೆಗೆ ಒತ್ತಿದಳು.

“ಇಡು. ಹೆಸರು ಕೂಗು.”

“ನಾನು ಸೈನ್ಯದವನಲ್ಲ, ಮಿಸೆಸ್ ಕ್ರೌಲಿ.”

“ನಾನೂ ಅಲ್ಲ. ಗಟ್ಟಿಯಾಗಿ ಕೂಗು, ಗಂಟಲೊಳಗೆ ಗೊಣಗಬೇಡ.”

ಗೇಲೆನ್ ಮಂಡಿಯೂರಿ ಹಾರವನ್ನು ಆಸರೆಗೆ ಒರಗಿಸಿದ. ಎದ್ದು ಒಂದು ಹೆಜ್ಜೆ ಹಿಂದೆ ಸರಿದ.

“ಡ್ಯಾರೆನ್ ಲೈಲ್ ಕ್ರೌಲಿ!”

ಸಮುದ್ರದಲ್ಲಿ ದೋಣಿಯಿಂದ ದೋಣಿಗೆ ಕೂಗಿ ಪಳಗಿದ ದನಿ. ಬೇಲಿಯಾಚೆಯ ಗುಡ್ಡಕ್ಕೆ ಬಡಿದು ಹೆಸರು ಹಿಂದಿರುಗಿ ಬಂತು. ಹಿಂದೆ ಅದು ಅಷ್ಟು ಗಟ್ಟಿಯಾಗಿ ಕೇಳಿದ್ದು ಆರ್ಡಿಸ್ ಮಗನನ್ನು ಅಂಗಳದಿಂದ ಊಟಕ್ಕೆ ಕರೆಯುತ್ತಿದ್ದ ಕಾಲದಲ್ಲಿ, ಅವಳ ಬಾಯಿಂದಲೇ. ಆರ್ಡಿಸಳ ಎದೆ ಹೆಮ್ಮೆಯಿಂದ ತುಂಬಿ ಬಂತು.

ಗೇಲೆನ್ ಅಲ್ಲಿಗೇ ನಿಲ್ಲಿಸಲಿಲ್ಲ. ಮತ್ತೆ ಮಂಡಿಯೂರಿ, ರಿಬ್ಬನ್ ಸರಿಮಾಡುತ್ತಾ ಮೆಲ್ಲಗೆ ಮಾತಾಡತೊಡಗಿದ. ಬೇರೆ ದಿನ ಬಂದಾಗಲೆಲ್ಲ ಮಾತಾಡಿ ರೂಢಿಯಾದವನ ಹಾಗಿತ್ತು.

“ಕೋರಾ ಎರಡನೇ ವರ್ಷ ಈಗ. ಪಾಸಾಗ್ತಿದಾಳೆ, ಹಟ ಮಾತ್ರ ನಿಂದೇ. ಸೂರಿನ ಉತ್ತರದ ಕಡೆ ಹೊಸ ಹಲಗೆ ಹಾಕ್ಸಿದೀನಿ. ನಿಮ್ಮಮ್ಮನ ಕೈ ವಾಸಿಯಾಗುತ್ತೆ ಅಂದಿದಾರೆ ಡಾಕ್ಟ್ರು. ಹೇಳಿದ ಮಾತೊಂದು ಕೇಳಲ್ಲ, ಅಷ್ಟೆ.”

“ಕಿವಿ ಚೆನ್ನಾಗಿದೆ ನಂದು,” ಎಂದಳು ಆರ್ಡಿಸ್.

ಕೋರಾ ನಗುತ್ತಾ ಕಣ್ಣೊರೆಸಿಕೊಂಡಳು. ಪಕ್ಕದ ಸಾಲಿನಲ್ಲಿ ಹಾರ ಇಡುತ್ತಿದ್ದ ಪರವೂರಿನ ಹೆಂಗಸೊಬ್ಬಳು ಹತ್ತಿರ ಬಂದು, ಕಲ್ಲಿನತ್ತ ನೋಡಿ ತಗ್ಗಿದ ದನಿಯಲ್ಲಿ ಕೇಳಿದಳು:

“ಇವರು ನಿಮಗೆ ಏನಾಗ್ಬೇಕು?”

“ಮಗ.”

ಹೆಂಗಸು ತಲೆಬಾಗಿದಳು. ಆಮೇಲೆ ಹಿಮದಲ್ಲಿ ಮಂಡಿಯೂರಿ ಕೂತಿದ್ದ ಗೇಲೆನ್ ಕಡೆ ನೋಡಿದಳು. “ಅವರು?”

ಆರ್ಡಿಸಳಿಗೆ ಹನ್ನೊಂದು ವರ್ಷ ಸಿಗದಿದ್ದ ಉತ್ತರ ಯೋಚಿಸುವ ಮುಂಚೆಯೇ ಬಾಯಿಗೆ ಬಂತು.

“ಅವನೂ,” ಎಂದಳು. “ಏಳೋ ಗೇಲೆನ್, ಮಂಡಿ ಒದ್ದೆಯಾಗುತ್ತೆ. ಮನೇಲಿ ಕಾಳು ಬೆಂದಿರುತ್ತೆ.”